ಹೊಸಬರಿಗೂ ತಕ್ಕ ಹೊಳೆ

ಯಾವ ವಸ್ತುವಿನ ಮೇಲೆ ‘ಹೊಸಬರಿಗೂ ಸುಲಭ’ ಎಂದು ಬರೆದಿರುತ್ತದೋ ಅದನ್ನು ನಮ್ಮವರು ಮುಟ್ಟುವುದಿಲ್ಲ. ನಿಜವಾಗಿ ಸುಲಭವಾದದ್ದನ್ನು ಸುಲಭವೆಂದು ಯಾರೂ ಬರೆಯುವುದಿಲ್ಲ ಎಂಬುದು ಅವರ ವಾದ. ಉಪ್ಪಿನ ಪೊಟ್ಟಣದ ಮೇಲೆ ಹಾಗೆ ಬರೆದಿದೆಯೇ? ಛತ್ರಿಯ ಮೇಲೆ? ಆದಾಯ ತೆರಿಗೆಯ ಆನ್‌ಲೈನ್ ಅರ್ಜಿಯ ಜೊತೆಗಿನ ಸೂಚನೆಯಲ್ಲಿ ಬರೆದಿರುತ್ತದೆ. ಹೊಸ ಟಿವಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಎರಡಕ್ಕೂ ಕೊನೆಗೆ ಪಕ್ಕದ ಮನೆಯ ಹುಡುಗನನ್ನೇ ಕರೆಯಬೇಕಾಯಿತು ಎಂಬುದನ್ನು ಅವರು ಪುರಾವೆಯಾಗಿ ಮುಂದಿಡುತ್ತಾರೆ.

ಹೀಗಿರುವಾಗ ಸಿಯಾಟಲ್‌ನ ಮಗನ ಮನೆಯಲ್ಲಿ ಸೊಸೆ ಮೊಬೈಲ್ ತಂದು ಅವರ ಕಣ್ಣ ಮುಂದೆ ಹಿಡಿದಳು. ಮೊಂಟಾನಾ ರಾಜ್ಯದ ಗ್ಲೇಷಿಯರ್ ನ್ಯಾಷನಲ್ ಪಾರ್ಕ್. ಅದರ ಅಂಚಿನಲ್ಲಿ ಹರಿಯುವ ಫ್ಲ್ಯಾಟ್‌ಹೆಡ್ ನದಿಯ ಮಿಡಲ್ ಫೋರ್ಕ್ ಎಂಬ ಕವಲು. ಅರ್ಧ ದಿನದ ರಾಫ್ಟಿಂಗ್. ಗೈಡ್ ಜೊತೆಗಿರುತ್ತಾರೆ, ಈಜು ಬರಬೇಕೆಂದಿಲ್ಲ, ಹೊಸಬರಿಗೂ ತಕ್ಕದ್ದು. ಕೆಳಗೊಂದು ಚಿತ್ರ: ರಬ್ಬರಿನ ದೋಣಿ, ಅದರ ತುಂಬ ಜನ, ಎಲ್ಲರ ಬಾಯಿಯೂ ತೆರೆದಿತ್ತು.

ನಮ್ಮವರು ಕನ್ನಡಕ ಏರಿಸಿ ನೋಡಿದರು. “ಇದರಾಗ ಹೊಸಬರು ಯಾರು, ಹಳಬರು ಯಾರು ಅಂತ ಹೆಂಗ ತಿಳೀಬೇಕು? ಎಲ್ಲಾರೂ ಬಾಯಿ ತಕ್ಕೊಂಡೇ ಕೂತಾರ.”

ಮಗ, ಸೊಸೆ ಇಬ್ಬರೂ ಸಾಫ್ಟ್‌ವೇರಿನವರು. ಅಪ್ಪನ ಪಾಸ್‌ವರ್ಡ್ ಯಾವುದೆಂದು ಅವರಿಗೆ ಗೊತ್ತು. “ಅಪ್ಪಾ, ಅಲ್ಲಿಗೆ ರೈಲಿನಾಗ ಹೋಗಬಹುದು. ಎಂಪೈರ್ ಬಿಲ್ಡರ್ ಅಂತ. ಹೊಳೀ ದಂಡೀಗೇ ಹಳಿ ಅದ” ಎಂದ ಮಗ. ಅಷ್ಟೇ. ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ, ಕ್ಯಾಸಲ್‌ರಾಕ್ ಘಟ್ಟವನ್ನು ಹಗಲೂ ರಾತ್ರಿಯೂ ಇಳಿದು ಹತ್ತಿ ನಿವೃತ್ತರಾದ ಮನುಷ್ಯ ಅವರು. ರಾಫ್ಟಿಂಗ್ ಎಂಬ ಶಬ್ದ ಅವರ ಕಿವಿಯಿಂದ ಅಲ್ಲಿಗೇ ಮಾಯವಾಯಿತು. ಊಟ ತಣ್ಣಗಾಗುತ್ತಿದ್ದರೂ ಮಗನಿಂದ ವಿವರ ಕೇಳುತ್ತಲೇ ಇದ್ದರು. ಜೇಮ್ಸ್ ಹಿಲ್ ಎಂಬ ಛಲಗಾರನಿಗೆ ಜನ ಕೊಟ್ಟ ಬಿರುದೇ ರೈಲಿನ ಹೆಸರಾಗಿದ್ದು. 1889ರ ಡಿಸೆಂಬರಿನ ಹಿಮದಲ್ಲಿ ಜಾನ್ ಸ್ಟೀವನ್ಸ್ ಎಂಬ ಇಂಜಿನಿಯರ್ ನಡೆದು ಹೋಗಿ ಮರಿಯಾಸ್ ಕಣಿವೆದಾರಿಯನ್ನು ಹುಡುಕಿದ್ದು. ಆ ದಾರಿ ಸಿಕ್ಕಿದ್ದರಿಂದ 1893ಕ್ಕೆ ಗ್ರೇಟ್ ನಾರ್ದರ್ನ್ ರೈಲು ಸಿಯಾಟಲ್ ಮುಟ್ಟಿದ್ದು. ಅದೇ ಸ್ಟೀವನ್ಸ್ ಮುಂದೆ ಪನಾಮಾ ಕಾಲುವೆಯ ಮುಖ್ಯ ಇಂಜಿನಿಯರ್ ಆಗಿದ್ದು. ಮಾರನೆಯ ದಿನ ಬೆಳಗಿನ ಚಹಾದ ಹೊತ್ತಿಗೆ ಇದೆಲ್ಲವನ್ನೂ ತಾವೇ ನನಗೆ ಹೇಳಿದರು, ಸ್ಟೀವನ್ಸ್ ತಮ್ಮ ಹಳೆಯ ಮೇಲಧಿಕಾರಿಯೋ ಎಂಬಂತೆ.

ನನ್ನನ್ನು ಯಾರೂ ಕೇಳಲಿಲ್ಲ. ಪ್ರವಾಸದ ಮಾತು ಬಂದಾಗ ನಮ್ಮ ಮನೆಯಲ್ಲಿ ನನ್ನನ್ನು ಕೇಳುವುದು ಚಪಾತಿ ಎಷ್ಟು ಮಾಡಬೇಕು ಎಂಬುದನ್ನು ಮಾತ್ರ. ಈ ಸಲ ಅದಕ್ಕೂ ಒಂದು ಅಡ್ಡಿ ಬಂತು. ಆ ಕಾಡಿನಲ್ಲಿ ಕಪ್ಪು ಕರಡಿಯೂ ಇದೆ, ಗ್ರಿಜ್ಲಿ ಕರಡಿಯೂ ಇದೆ. ವಾಸನೆ ಬೀರುವ ಯಾವ ತಿನಿಸನ್ನೂ ಹೊರಗೆ ಬಿಡಬಾರದು ಎಂದು ಪಾರ್ಕಿನ ಕಟ್ಟಪ್ಪಣೆ. ನನ್ನ ಶೇಂಗಾ ಚಟ್ನಿಪುಡಿ, ಬೆಳ್ಳುಳ್ಳಿ ಬೇರೆ ಹಾಕಿದ್ದು, ಬೀಗ ಹಾಕಿದ ಪೆಟ್ಟಿಗೆಯೊಳಗೆ ಕಾಲ ಕಳೆಯಿತು. ನಮ್ಮೂರಿನಲ್ಲಿ ಬೀಗರು ಕೂಡ ಅದಕ್ಕೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಹುಬ್ಬಳ್ಳಿಗೆ ಫೋನ್ ಮಾಡಿ ಸುದ್ದಿ ಹೇಳಿದಾಗ ಭಜನಾ ಮಂಡಳದ ಗೆಳತಿಯರು ಒಂದೇ ಪ್ರಶ್ನೆ ಕೇಳಿದರು: ದಾಂಡೇಲಿ ಎರಡು ತಾಸಿನ ದಾರಿ, ಅಲ್ಲಿ ಕಾಳಿ ನದಿಯಲ್ಲಿ ಇದೇ ಆಟ ಇದೆಯಲ್ಲ, ಅದಕ್ಕೆ ಸಮುದ್ರ ದಾಟಬೇಕಿತ್ತೆ? ಇದಕ್ಕೆ ಉತ್ತರವಿಲ್ಲ. ಆದರೆ ಎರಡು ಹೊಳೆಗೂ ಒಂದು ವ್ಯತ್ಯಾಸವಿದೆ. ಗಣೇಶಗುಡಿಯ ಹತ್ತಿರ ಕಾಳಿಯ ಅಲೆ ಸೂಪಾ ಅಣೆಕಟ್ಟೆಯ ಮರ್ಜಿ. ಕರೆಂಟಿಗಾಗಿ ನೀರು ಬಿಟ್ಟರೆ ಹೊಳೆ, ಬಿಡದಿದ್ದರೆ ಬರೀ ಬಂಡೆ. ಫ್ಲ್ಯಾಟ್‌ಹೆಡ್‌ನ ಮಿಡಲ್ ಫೋರ್ಕಿಗೆ ಅಣೆಕಟ್ಟೆ ಇಲ್ಲ. ಬೆಟ್ಟದ ಹಿಮ ಕರಗುವ ಮೇ ಕೊನೆ, ಜೂನ್‌ನಲ್ಲಿ ಅದು ರೊಚ್ಚಿಗೇಳುತ್ತದೆ, ಆಗಸ್ಟ್ ಹೊತ್ತಿಗೆ ತಣ್ಣಗಾಗುತ್ತದೆ. ಅದಕ್ಕೂ ಕಟ್ಟೆ ಕಟ್ಟುವ ಯೋಜನೆ ಒಂದು ಕಾಲಕ್ಕೆ ತಯಾರಾಗಿತ್ತು. ಗ್ರಿಜ್ಲಿ ಕರಡಿಗಳನ್ನು ಅಭ್ಯಾಸ ಮಾಡಿ ಹೆಸರಾದ ಜಾನ್ ಮತ್ತು ಫ್ರಾಂಕ್ ಕ್ರೇಗ್‌ಹೆಡ್ ಎಂಬ ಅವಳಿ ಸಹೋದರರಿಗೆ ಅದು ಸರಿಬರಲಿಲ್ಲ. ಕೆಲವು ಹೊಳೆಗಳನ್ನಾದರೂ ಅವುಗಳ ಪಾಡಿಗೆ ಹರಿಯಲು ಬಿಡಬೇಕು ಎಂದು ವಾದಿಸುತ್ತ ಬಂದರು. ಆ ವಾದ ಬೆಳೆದು 1968ರಲ್ಲಿ ಇಡೀ ದೇಶಕ್ಕೆ ಒಂದು ಕಾನೂನಾಯಿತು; 1976ರಲ್ಲಿ ಈ ಹೊಳೆಯೂ ಅದರ ರಕ್ಷಣೆಯೊಳಗೆ ಬಂತು. ಪಕ್ಕದ ಸೌತ್ ಫೋರ್ಕಿಗೆ ಆ ಅದೃಷ್ಟವಿರಲಿಲ್ಲ. 1953ರಲ್ಲೇ ಅದಕ್ಕೆ 564 ಅಡಿ ಎತ್ತರದ ಹಂಗ್ರಿ ಹಾರ್ಸ್ ಅಣೆಕಟ್ಟೆ ಕಟ್ಟಿಬಿಟ್ಟಿದ್ದರು. ಅಕ್ಕತಂಗಿಯರಲ್ಲಿ ಒಬ್ಬಳಿಗೆ ನೌಕರಿ, ಒಬ್ಬಳಿಗೆ ಬಿಡುವು. ನಾವು ಬಿಡುವಿನವಳ ಕಡೆ ಹೋದೆವು, ಜುಲೈ ಕೊನೆಗೆ.

ರೈಲಿಳಿದದ್ದು ವೆಸ್ಟ್ ಗ್ಲೇಷಿಯರ್ ಎಂಬ ಪುಟ್ಟ ನಿಲ್ದಾಣದಲ್ಲಿ. ಊರೆಂದರೆ ಒಂದಿಷ್ಟು ಅಂಗಡಿ, ಒಂದು ಸೇತುವೆ. ಸೇತುವೆ ದಾಟಿದರೆ ಪಾರ್ಕು. 1910ರಲ್ಲಿ ಆದ ಪಾರ್ಕು ಅದು. 19ನೇ ಶತಮಾನದ ನಡುವಿನಲ್ಲಿ ಅಲ್ಲಿ ಸುಮಾರು 150 ಹಿಮನದಿಗಳಿದ್ದವಂತೆ. 2015ರಲ್ಲಿ ಅಳೆದಾಗ ಆ ಹೆಸರಿಗೆ ತಕ್ಕಷ್ಟು ದೊಡ್ಡದಾಗಿ ಉಳಿದದ್ದು 26. “ಹೆಸರು ಬದಲಿ ಮಾಡಬೇಕಾದೀತು” ಎಂದರು ನಮ್ಮವರು. ಹೆಸರು ಬದಲಾಯಿಸುವುದರ ಮೇಲೆ ಅವರಿಗೆ ಮೊದಲೇ ಸಿಟ್ಟಿದೆ. 2022ರಲ್ಲಿ ರೈಲ್ವೆಯವರು ಗಾರ್ಡ್ ಎಂಬ ಹುದ್ದೆಯನ್ನು ಟ್ರೇನ್ ಮ್ಯಾನೇಜರ್ ಎಂದು ಮಾಡಿದರು. ಅಷ್ಟರಲ್ಲಿ ಇವರು ಗಾರ್ಡ್ ಆಗಿಯೇ ನಿವೃತ್ತರಾಗಿದ್ದರು.

ರಾಫ್ಟಿಂಗ್ ಕಚೇರಿಯಲ್ಲಿ ಮೊದಲು ಕೈಗೆ ಬಂದದ್ದು ಒಂದು ಫಾರ್ಮು. ಜಗತ್ತಿನಲ್ಲಿ ಈ ಫಾರ್ಮನ್ನು ಓದದೆ ಸಹಿ ಮಾಡುವುದು ವಾಡಿಕೆ. ನಮ್ಮವರು ಓದಲು ಕುಳಿತರು. ನೀರು, ಬಂಡೆ, ಚಳಿ, ಸಿಡಿಲು, ಬೀಳುವ ಮರ, ಕಾಡುಪ್ರಾಣಿ ಇವುಗಳಲ್ಲಿ ಯಾವುದರಿಂದ ಏನಾದರೂ ಹೊಣೆ ನಮ್ಮದೇ. ಹಿಂದಿದ್ದ ಕುಟುಂಬಗಳು ಸಹಿ ಹಾಕಿ ಮುಂದೆ ಹೋದವು. ಇವರು ಬೆರಳಿಟ್ಟು ಸಾಲು ಸಾಲಾಗಿ ಮುಂದುವರಿದರು. ‘ಹೊಸಬರಿಗೂ ತಕ್ಕದ್ದು’ ಎಂಬ ಮಾತು ಇದರಲ್ಲಿ ಎಲ್ಲಿಯೂ ಇಲ್ಲವಲ್ಲ ಎಂದು ಕೇಳಿದರು. ಕೌಂಟರಿನ ಹುಡುಗ ನಕ್ಕ. ಕೊನೆಗೆ ಸಹಿ ಮಾಡಿ, ಕೆಳಗೆ ತಾರೀಖು ಹಾಕಿ, ಪಕ್ಕದಲ್ಲಿ 12.40 ಎಂದು ವೇಳೆಯನ್ನೂ ನಮೂದಿಸಿದರು. ಗಾಡಿ ಹೊರಟದ್ದು ಎಷ್ಟಕ್ಕೆ ಎಂಬುದಕ್ಕೆ ದಾಖಲೆ ಇರಬೇಕು.

ಆಮೇಲೆ ಬಟ್ಟೆಯ ಪಂಚಾಯಿತಿ. ಹತ್ತಿ ಬಟ್ಟೆ ತೊಡುವಂತಿಲ್ಲ ಎಂದರು. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಕಾವನ್ನೆಲ್ಲ ಎಳೆದುಬಿಡುತ್ತದೆ. ಉಣ್ಣೆಯೋ ನೈಲಾನೋ ಇರಲಿ. ನಮ್ಮವರು ಖಾದಿಯ ಮನುಷ್ಯ. ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಊರಿನವರು ತಮ್ಮ ಬನಿಯನ್ನನ್ನು ಪರದೇಶದಲ್ಲಿ ಬಿಚ್ಚಿಕೊಡುವುದು ಸಣ್ಣ ಮಾತಲ್ಲ. ಮೊಮ್ಮಗಳು ಅಜ್ಜನನ್ನು ಕೈಹಿಡಿದು ಬಟ್ಟೆ ಬದಲಾಯಿಸುವ ಕೋಣೆಯ ತನಕ ಬಿಟ್ಟುಬಂದಳು. ನನ್ನ ಸಲ್ವಾರೂ ಹೋಯಿತು. ಅದರ ಬದಲು ನಿಯೋಪ್ರೀನ್ ಎಂಬ ರಬ್ಬರಿನ ಅಂಗಿ. ದಿಂಬಿಗೆ ಒಂದು ಅಳತೆ ಚಿಕ್ಕದಾದ ಗಲೀಫು ಹಾಕುವಾಗ ಹೇಗೆ ಮೂಲೆ ಹಿಡಿದು ಕುಕ್ಕಬೇಕೋ ಹಾಗೆ ಸೊಸೆ ನನ್ನನ್ನು ಅದರೊಳಗೆ ಕುಕ್ಕಿದಳು. ಅದು ನೀರನ್ನು ತಡೆಯುವುದಿಲ್ಲವಂತೆ. ತೆಳ್ಳಗೆ ಒಂದು ಪದರ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆ ನೀರನ್ನು ನಮ್ಮ ಮೈಯೇ ಬೆಚ್ಚಗೆ ಮಾಡಿಕೊಂಡು ಕೂರಬೇಕು. ದುಡ್ಡು ನಾವು ಕೊಟ್ಟು ನೀರು ನಾವೇ ಕಾಸುವ ವ್ಯವಸ್ಥೆ. ಹೊರಗೆ ಬಂದು ನೋಡಿದರೆ ನಮ್ಮವರು ಕಪ್ಪು ಅಂಗಿ, ಕೆಂಪು ಲೈಫ್ ಜಾಕೆಟ್, ಹಳದಿ ಹೆಲ್ಮೆಟ್ ತೊಟ್ಟು, ಕೈಯಲ್ಲಿ ಹುಟ್ಟು ಹಿಡಿದು ನಿಂತಿದ್ದರು. ಮದುವೆಯಾದಾಗಿನಿಂದ ಅವರನ್ನು ಅಷ್ಟು ಬಣ್ಣದಲ್ಲಿ ನಾನು ಕಂಡಿರಲಿಲ್ಲ.

ಹಳೆಯ ಸ್ಕೂಲ್ ಬಸ್ಸಿನಲ್ಲಿ ಹೊಳೆಯ ಮೇಲ್ದಂಡೆಗೆ ಕರೆದೊಯ್ದರು. ನಮ್ಮ ಗೈಡ್ ಒಬ್ಬ ಹುಡುಗಿ, ಕಾಲೇಜಿನವಳು. ಬೇಸಿಗೆಯಲ್ಲಿ ಹೊಳೆ, ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಕಲಿಸುವುದು, ನಡುವೆ ಓದು. “ಈ ಕೂಸಿನ ಕೈಯಾಗ ನಮ್ಮ ಪ್ರಾಣ” ಎಂದರು ಇವರು ನನ್ನ ಕಿವಿಯಲ್ಲಿ. ಕೂಸು ಅಷ್ಟರಲ್ಲಿ ಒಬ್ಬಳೇ ದೋಣಿಯ ಮೂತಿ ಹಿಡಿದು ನೀರಿಗೆ ಎಳೆದು ತಂದಿತ್ತು.

ಅವಳ ಪಾಠ ಕೇಳಬೇಕು. ದೋಣಿಯ ಒಳಗಲ್ಲ, ಗಾಳಿ ತುಂಬಿದ ಅಂಚಿನ ಮೇಲೆ ಕೂರಬೇಕು. ಕಾಲಿನ ತುದಿ ಅಡ್ಡ ದಿಂಬಿನ ಕೆಳಗೆ ಸಿಕ್ಕಿಸಬೇಕು. ಹುಟ್ಟಿನ ಮೇಲ್ತುದಿಯ ಹಿಡಿಕೆಯನ್ನು ಯಾವ ಕಾರಣಕ್ಕೂ ಬಿಡಬಾರದು; ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ಬೆರಳು ನೀರಿನ ಮೇಲೆ ಕಾಣುವಂತೆ ತೇಲುತ್ತ ಹೋಗಬೇಕು. ಎದ್ದು ನಿಲ್ಲಲು ಮಾತ್ರ ಹೋಗಬಾರದು. ಮೊಣಕಾಲುದ್ದದ ನೀರಾದರೂ ಸರಿ, ಕಲ್ಲಿನ ಸಂದಿಗೆ ಪಾದ ಸಿಕ್ಕಿತೆಂದರೆ ಹಿಂದಿನಿಂದ ಬರುವ ಪ್ರವಾಹ ಮನುಷ್ಯನನ್ನು ಮಗುಚಿ ಒತ್ತಿಹಿಡಿಯುತ್ತದೆ. ಇದನ್ನು ಹೇಳುವಾಗ ಅವಳು ನಗುತ್ತಿರಲಿಲ್ಲ. ಜೀವಮಾನವಿಡೀ ನಮಗೆ ಎಲ್ಲರೂ ಹೇಳಿದ್ದು ನಿನ್ನ ಕಾಲ ಮೇಲೆ ನೀನು ನಿಂತುಕೋ ಎಂದು. ಈಗ ಅರವತ್ತು ದಾಟಿದ ಮೇಲೆ ಅದು ಅಪಾಯ ಎನ್ನುವವಳು ಸಿಕ್ಕಳು.

ಪಾಠದಲ್ಲಿ ನನಗೆ ಹಿಡಿಸಿದ್ದು ಬೇರೆ. ದೊಡ್ಡ ಅಲೆ ಬಂದಾಗ ಕೈ ತಾನಾಗಿ ಹುಟ್ಟು ಬಿಟ್ಟು ದೋಣಿಯ ಹಗ್ಗ ಹಿಡಿಯಲು ಹೋಗುತ್ತದೆ. ಹಾಗೆ ಮಾಡಿದವರೇ ಮೊದಲು ಬೀಳುವುದು. ಹುಟ್ಟು ನೀರಿನಲ್ಲಿ ನೆಟ್ಟಿದ್ದರೆ ಅದೇ ಆಧಾರ. ಹೆದರಿದಷ್ಟೂ ಹುಟ್ಟು ಹಾಕಿ ಎಂದಳು.

ಹೊಳೆಗಳನ್ನು ಒಂದರಿಂದ ಆರನೇ ದರ್ಜೆಯ ತನಕ ವಿಂಗಡಿಸಿದ್ದಾರೆ. ಒಂದೆಂದರೆ ನೀರು ಅಲ್ಲಾಡುತ್ತದೆ ಅಷ್ಟೆ. ಆರೆಂದರೆ ಪಳಗಿದವರೂ ದಂಡೆಯ ಮೇಲೆ ನಿಂತು ನೋಡಿ ಮನೆಗೆ ಹೋಗುವಂಥದು. ನಮ್ಮದು ಎರಡು, ಅಲ್ಲಲ್ಲಿ ಮೂರು. ಸೆಕೆಂಡ್ ಕ್ಲಾಸ್ ಎಂದು ಕೇಳಿ ಇವರ ಮುಖ ಗೆಲುವಾಯಿತು. ಫಸ್ಟ್ ಕ್ಲಾಸ್ ಯಾಕೆ ಸಿಗಲಿಲ್ಲ ಎಂದು ಮಗನನ್ನು ಕೇಳಿದರು. ದೋಣಿಯಲ್ಲಿ ನಂಬರು ಏರಿದಷ್ಟೂ ಅನುಕೂಲ ಕಡಿಮೆ, ಅದು ಮಾತ್ರ ನಮ್ಮ ರೈಲಿನಂತೆಯೇ ಎಂದು ಅವನು ವಿವರಿಸಿದ.

ಕೂರಿಸುವ ಹೊತ್ತು ಬಂತು. ಮುಂದಿನ ಇಬ್ಬರು ಹುಟ್ಟು ಹಾಕಿದ ಲಯಕ್ಕೇ ಹಿಂದಿನವರೆಲ್ಲ ಹಾಕಬೇಕು. ಮುಂದೆ ಯಾರಿಗೆ ತಾಳಜ್ಞಾನವಿದೆ ಎಂದು ಹುಡುಗಿ ಕೇಳಿದಳು. ಮೊಮ್ಮಗಳು ಕೈಯೆತ್ತಿ ನನ್ನನ್ನು ತೋರಿಸಿಬಿಟ್ಟಳು: ನಮ್ಮ ಅಜ್ಜಿ ಭಜನೆಯಲ್ಲಿ ತಾಳ ಹಾಕುತ್ತಾಳೆ. ಹೀಗೆ ನಾನು ಮೂತಿಯಲ್ಲಿ, ಪಕ್ಕಕ್ಕೆ ಅಯೋವಾದಿಂದ ಬಂದ ಆರಡಿಯ ಒಬ್ಬ ರೈತ. ನಮ್ಮವರನ್ನು ಕಟ್ಟಕಡೆಯಲ್ಲಿ, ಗೈಡಿನ ಕಾಲ ಬಳಿ ಕೂರಿಸಿದರು. ಅವಮಾನವಾಗಬಹುದೆಂದು ನಾನು ಹಿಂತಿರುಗಿ ನೋಡಿದೆ. ಅವರು ಸಮಾಧಾನದಿಂದಿದ್ದರು. “ಗಾರ್ಡಿನ ಡಬ್ಬಿ ಯಾವಾಗಲೂ ಹಿಂದ.”

ಮೊದಲ ನೀರು ಸುಮ್ಮನಿತ್ತು. ತಳದ ಕಲ್ಲುಗಳು ಕಾಣುವಷ್ಟು ತಿಳಿ. ಕೆಂಪು, ಹಸಿರು, ಬೂದಿ ಬಣ್ಣದ ಕಲ್ಲು. ನೂರು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಅದು. ಒಳಗಿನ ಕಬ್ಬಿಣಕ್ಕೆ ಆಮ್ಲಜನಕ ಸಿಕ್ಕಲ್ಲಿ ಕೆಂಪಾಗಿದೆ, ಸಿಗದಲ್ಲಿ ಹಸಿರಾಗಿದೆ ಎಂದು ಹುಡುಗಿ ಹೇಳಿದಳು. ಒಂದು ದಂಡೆ ಪಾರ್ಕಿನದು, ಇನ್ನೊಂದು ಅರಣ್ಯ ಇಲಾಖೆಯದು. ಗಡಿ ಎಂಬುದು ಹೊಳೆಯೇ. ಮುಂದೆ ನೀರು V ಆಕಾರದಲ್ಲಿ ಕೂಡುವುದನ್ನು ತೋರಿಸಿದಳು. ಅದರ ಚೂಪು ಕೆಳಕ್ಕೆ ತೋರಿದರೆ ದಾರಿ ತೆರವು. ಚೂಪು ನಮ್ಮ ಕಡೆ ತಿರುಗಿದ್ದರೆ ತುದಿಯಲ್ಲಿ ಬಂಡೆ ಕೂತಿದೆ ಎಂದರ್ಥ. “ಸಿಗ್ನಲ್” ಎಂದರು ನಮ್ಮವರು ಹಿಂದಿನಿಂದ. ಅಲ್ಲಿಂದ ಮುಂದೆ ಕಂಡ ಕಂಡ V ಯನ್ನೆಲ್ಲ ಅವರು ಕೂಗಿ ಹೇಳತೊಡಗಿದರು. ಹುಡುಗಿಗೆ ಒಬ್ಬ ಸಹಾಯಕ ಪುಕ್ಕಟೆ ಸಿಕ್ಕಿದ.

ಇಲ್ಲಿಯ ಅಲೆಸಾಲುಗಳಿಗೆ ಇಟ್ಟ ಹೆಸರುಗಳನ್ನು ಕೇಳಿದರೆ ಯಾರೂ ಮಕ್ಕಳನ್ನು ಕರೆತರಲಿಕ್ಕಿಲ್ಲ. ಬೋನ್‌ಕ್ರಷರ್. ಜಾಸ್. ಮೂಳೆ ಪುಡಿ ಮಾಡುವುದೊಂದು, ದವಡೆಯೊಂದು. ಎರಡನೇ ದರ್ಜೆಯ ನೀರಿಗೆ ಆರನೇ ದರ್ಜೆಯ ಹೆಸರು. ಇದು ವ್ಯಾಪಾರದ ಜಾಣತನ ಎಂದೇ ನನ್ನ ಅನುಮಾನ. ಬರೀ ಸುರಕ್ಷಿತವಾದದ್ದಕ್ಕೆ ಯಾರು ದುಡ್ಡು ಕೊಡುತ್ತಾರೆ? ಬರೀ ಅಪಾಯಕ್ಕೂ ಕೊಡುವುದಿಲ್ಲ. ಹೆದರಿಕೆಯನ್ನು ಗೈಡ್ ಅಳೆದು ತೂಗಿ ಬಡಿಸಬೇಕು. ಆ ಕೆಲಸವನ್ನು ಆ ಹುಡುಗಿ ಎಷ್ಟು ಚೆನ್ನಾಗಿ ಮಾಡಿದಳೆಂದರೆ, ತಿರುವಿನಾಚೆ ಮೊರೆತ ಕೇಳಿದಾಗ ಅವಳು ಒಮ್ಮೆಗೇ ಮಾತು ನಿಲ್ಲಿಸಿ ಎದ್ದು ನಿಂತು ನೋಡಿದಳು. ಆ ಹೊಳೆಯನ್ನು ದಿನವೂ ಇಳಿಯುವವಳಿಗೆ ನೋಡುವುದಕ್ಕೆ ಏನಿತ್ತು? ಆದರೂ ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು.

“ಫಾರ್ವರ್ಡ್!”

ಬಲಕ್ಕೂ ಎಡಕ್ಕೂ ಹುಟ್ಟು ಬಿತ್ತು. ಒಂದೊಂದು ಒಂದೊಂದು ಹೊತ್ತಿಗೆ. ದೋಣಿ ಅಡ್ಡ ತಿರುಗಿತು. ಆಗ ನನಗೆ ಕೆಹರ್ವಾ ಬಿಟ್ಟರೆ ಬೇರೇನೂ ತೋಚಲಿಲ್ಲ. ಎಂಟು ಮಾತ್ರೆ, ಒಂದಕ್ಕೊಂದು ಹುಟ್ಟು, ಐದಕ್ಕೊಂದು ಹುಟ್ಟು. ಬಾಯಲ್ಲಿ ಬೋಲು ಹೇಳುತ್ತ ಹಾಕಿದೆ. ಅಯೋವಾದ ರೈತ ನನ್ನ ಮುಖ ನೋಡಿದ, ಕೈ ನೋಡಿದ, ಹಿಡಿದುಕೊಂಡ. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ನನ್ನ ಮಗ. ಮನೆಯಲ್ಲಿ ಟಿವಿಯ ಸದ್ದು ಎಷ್ಟಿರಬೇಕು ಎಂಬುದರಲ್ಲೂ ಒಂದಾಗದ ನಮ್ಮ ಕುಟುಂಬ ಪರದೇಶಿಗಳ ಜೊತೆ ಸೇರಿ ಒಂದೇ ಮಾತ್ರೆಗೆ ನೀರು ಬಗೆಯಿತು. ಮೊದಲ ಅಲೆ ಮುಖಕ್ಕೆ ಅಪ್ಪಳಿಸಿದಾಗ ತಾಳ ತಪ್ಪಲಿಲ್ಲ. ಎರಡನೆಯದಕ್ಕೆ ಕಣ್ಣು ಕಾಣಲಿಲ್ಲ, ಆದರೂ ಸಮಕ್ಕೆ ಬಂದೆ. ಆ ನೀರಿನ ತಂಪಿಗೆ ನನ್ನ ಬಾಯಿಂದ ಬಂದ ಶಬ್ದ ಯಾವ ರಾಗಕ್ಕೂ ಸೇರದ್ದು.

ಹಿಂದಿನಿಂದ “ಅಯ್ಯಯ್ಯೋ ದೋಣಿಗೆ ತೂತದ!” ಎಂಬ ಕೂಗು. ಮೂರನೇ ಅಲೆಗೆ ನಮ್ಮವರು ಅಂಚಿನಿಂದ ಜಾರಿ, ಹೊಳೆಗಲ್ಲ, ದೋಣಿಯ ತಳಕ್ಕೇ ಬಿದ್ದಿದ್ದರು. ಅಲ್ಲಿ ಕೂತು ನೋಡಿದರೆ ತಳದ ಸುತ್ತ ಸಾಲಾಗಿ ತೂತು, ಅದರಲ್ಲಿ ನೀರಾಟ. ಹುಡುಗಿ ಒಂದು ಕೈಯಿಂದ ದೋಣಿ ತಿರುಗಿಸುತ್ತ ಇನ್ನೊಂದು ಕೈಯಿಂದ ಅವರ ಲೈಫ್ ಜಾಕೆಟ್ಟಿನ ಭುಜಪಟ್ಟಿ ಹಿಡಿದು ಎತ್ತಿ ಕೂರಿಸಿದಳು. ಸುಮ್ಮನಿದ್ದ ನೀರಿಗೆ ಬಂದ ಮೇಲೆ ವಿವರಿಸಿದಳು: ತಳ ಎಂಬುದೂ ಗಾಳಿ ತುಂಬಿದ ಹಾಸಿಗೆ, ಅದು ಹೊಳೆಯ ಮಟ್ಟಕ್ಕಿಂತ ಮೇಲಿರುತ್ತದೆ, ಒಳಗೆ ಬಿದ್ದ ನೀರು ತೂತಿನಿಂದ ತಾನೇ ಹೊರಗೆ ಹೋಗಲಿ ಎಂದೇ ಹಾಗೆ ಹೆಣೆದಿರುವುದು. ಮೊದಲಿನ ದೋಣಿಗಳಿಗೆ ಇದು ಇರಲಿಲ್ಲ, ಬಕೆಟ್ ಹಿಡಿದು ಮೊಗೆಯುತ್ತ ಕೂರಬೇಕಿತ್ತು. ಇವರು ತೂತಿನಲ್ಲಿ ಬೆರಳಿಟ್ಟು ಪರೀಕ್ಷಿಸಿ ಒಪ್ಪಿದರು. ತಾವು ಬಿದ್ದದ್ದನ್ನು ಮಾತ್ರ ಬೀಳುವುದೆಂದು ಒಪ್ಪಲಿಲ್ಲ. ಯಾರ್ಡಿನೊಳಗೆ ಆದದ್ದು ಡಿರೇಲ್‌ಮೆಂಟ್ ಲೆಕ್ಕಕ್ಕೆ ಬರುವುದಿಲ್ಲವಂತೆ.

ಆಚೆ ಗುಡ್ಡದ ಬದಿಯಲ್ಲಿ ಗೂಡ್ಸ್ ಗಾಡಿಯೊಂದು ಬಂತು. ಆ ಹೊತ್ತಿಗೆ ಸರಿಯಾಗಿ ‘ಜಾಸ್’ ನಮ್ಮೆದುರಿಗಿತ್ತು. ಎಲ್ಲರೂ ದವಡೆ ನೋಡುತ್ತಿದ್ದರೆ ಇವರು ಡಬ್ಬಿ ಎಣಿಸುತ್ತಿದ್ದರು. ಕೊನೆಯ ಡಬ್ಬಿ ಹೋದ ಮೇಲೆ, “ಗಾರ್ಡ್ ಇಲ್ಲ!” ಎಂದು ನೊಂದುಕೊಂಡರು. ಆ ದೇಶದಲ್ಲಿ ಗಾಡಿಯ ತುದಿಗೆ ಒಂದು ಮಿನುಗುವ ಪೆಟ್ಟಿಗೆ ಕಟ್ಟಿಬಿಡುತ್ತಾರೆ, ಅಷ್ಟೆ. 1964ರ ಜೂನಿನ ಮಹಾಪೂರದಲ್ಲಿ ಈ ಕಣಿವೆಯ ರೈಲುದಾರಿ, ರಸ್ತೆ ಎರಡೂ ಕೊಚ್ಚಿಹೋಗಿದ್ದವು ಎಂದು ಹುಡುಗಿ ಹೇಳಿದಾಗಲೂ ಅವರ ಮನಸ್ಸು ಆ ಪೆಟ್ಟಿಗೆಯಲ್ಲೇ ಇತ್ತು. ಹಾಗಾಗಿ ಆ ದೊಡ್ಡ ಅಲೆಯನ್ನು ನಮ್ಮ ದೋಣಿಯಲ್ಲಿ ಹೆದರದೆ ದಾಟಿದವರು ಅವರೊಬ್ಬರೇ.

ದಡಕ್ಕೆ ಬಂದ ಮೇಲೆ ಬಿಸಿ ಕೋಕೋ ಕೊಟ್ಟರು. ಹುಡುಗಿಗೆ ಟಿಪ್ಸ್ ಕೊಡುವುದು ಅಲ್ಲಿಯ ಪದ್ಧತಿ. ಮಗ ಕೊಟ್ಟದ್ದನ್ನು ನೋಡಿ ನಮ್ಮವರು ರೂಪಾಯಿಗೆ ಪರಿವರ್ತಿಸಿದರು, ಕಣ್ಣು ಮುಚ್ಚಿ ತೆರೆದರು, ಆಮೇಲೆ ತಮ್ಮ ಪಾಕೀಟು ತೆಗೆದು ಇನ್ನಷ್ಟು ಸೇರಿಸಿದರು. ದುರ್ಗದಬೈಲಿನಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವ ಕೈ ಅದು. ನಾನು ಏನೂ ಕೇಳಲಿಲ್ಲ.

ಅವತ್ತು ರಾತ್ರಿ ವಸತಿಗೃಹದಿಂದ ಹುಬ್ಬಳ್ಳಿಗೆ ಫೋನುಗಳು ಶುರುವಾದವು. ವಾಕಿಂಗ್ ಗೆಳೆಯರಿಗೆ ಹೇಳಿದಾಗ ಹೊಳೆ ಮೂರನೇ ದರ್ಜೆಯದಾಗಿತ್ತು. ಬೀಗರಿಗೆ ಹೇಳುವಾಗ ನಾಲ್ಕು ದಾಟಿತು, ಜೊತೆಗೆ ದಂಡೆಯ ಮೇಲೊಂದು ಕರಡಿಯೂ ಬಂದು ನಿಂತಿತು. ತಮ್ಮ ಅಕ್ಕನಿಗೆ, ಎಂದರೆ ನನ್ನ ನಾದಿನಿಗೆ, ಫೋನ್ ಹಚ್ಚಿದಾಗ ಐದನೇ ದರ್ಜೆ. ಒಂದೊಂದು ಅಲೆ ಮನೆಯ ಅಟ್ಟದಷ್ಟು.

ನನ್ನ ನಾದಿನಿ ಗಟ್ಟಿ ಹೆಂಗಸು. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. “ಅಕಿ ಎಲ್ಲಿ ಕೂತಿದ್ಲು?”

“ಮುಂದ.”

“ನೀ?”

“ಹಿಂದ. ಗಾರ್ಡ್…”

“ಅಂಥಾ ಹೊಳ್ಯಾಗ ಹೆಂಡ್ತೀನ ಮುಂದ ಕುಂದ್ರಿಸಿ ನೀ ಹಿಂದ ಕೂತಿದ್ಯೇನೋ? ನಾಚಿಕಿ ಬರೂದಿಲ್ಲೇನು ನಿನಗ?”

ಫೋನಿನ ಆ ಕಡೆಯ ಧ್ವನಿ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು ಗಂಟಲು ಸರಿಮಾಡಿಕೊಂಡರು. “ಇಲ್ಲಕ್ಕಾ, ಹಂಗೇನಿಲ್ಲ. ಎರಡನೇ ದರ್ಜಾದ್ದು. ಸಣ್ಣ ಹುಡುಗ್ರೂ ಹೋಗ್ತಾರ ಅದರಾಗ. ಹೊಸಬರಿಗೂ ಭಾಳ ಸುಲಭ.”